‘ಟೆನ್ಶನ್ ಬಿಡಿ’ ಎಂದರೆ ಸಾಲದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರ ಪತ್ರ: “ಮಹಾಳಿ (ಕೊಳೆರೋಗ) ಬಂದು ಅಡಿಕೆಯೆಲ್ಲ ಉದುರಿದ ವರ್ಷವೇ ನನಗೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಶುರುವಾದವು. ಚಿಂತೆಯಿಂದ ಬಂತು ಅಂದರೆ ಮಗ ಒಪ್ಪುವುದಿಲ್ಲ, ಊಟ ಸರಿಯಿಲ್ಲ ಅನ್ನುತ್ತಾನೆ. ಸಾಲ ತೀರಿದರೆ ಸಕ್ಕರೆಯೂ ಇಳಿದೀತೆಂದು ಮಾತ್ರೆ ಬಿಟ್ಟಿದ್ದೇನೆ. ಯಾರು ಸರಿ?”

ಮಗನ ಮಾತು ತಳ್ಳಿಹಾಕುವಂಥದ್ದಲ್ಲ. ವಂಶ, ಹೊಟ್ಟೆಯ ಬೊಜ್ಜು, ಬೀಡಿ, ಉಪ್ಪು ಇವುಗಳ ಪಾಲು ದೊಡ್ಡದೇ. ಆದರೆ ಚಿಂತೆಗೆ ಪಾಲೇ ಇಲ್ಲ ಎನ್ನುವುದನ್ನು ನಾವು ಒಪ್ಪುವುದಿಲ್ಲ.

ಮೂತ್ರಪಿಂಡದ ಮೇಲೆ ಟೊಪ್ಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿ ಗಾಬರಿಯಾದೊಡನೆ ಅಡ್ರಿನಲಿನ್ ಸುರಿಸುತ್ತದೆ. ಎದೆಬಡಿತ, ಬಿಪಿ ಏರುತ್ತವೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಜತೆಗೆ ಬರುವ ಕಾರ್ಟಿಸೋಲ್ ಯಕೃತ್ತಿನಲ್ಲಿ ಸಕ್ಕರೆ ಮಾಡಿಸಿ ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಮಾತನ್ನು ಸ್ನಾಯುಗಳು ಕೇಳದಂತೆ ಮಾಡುತ್ತದೆ. ಹಾವು ಕಂಡು ಓಡುವವನಿಗೆ ಇದೆಲ್ಲ ಬೇಕು. ಬ್ಯಾಂಕಿನ ನೋಟೀಸು ಹಿಡಿದು ತಿಂಗಳುಗಟ್ಟಲೆ ಕೂತವನಲ್ಲಿ ಆ ಸಕ್ಕರೆ ಖರ್ಚಾಗುವುದಾದರೂ ಹೇಗೆ?

ಸಾಕ್ಷಿ ಬೇಕೇ? ದಮ್ಮಿಗೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ಕಾರ್ಟಿಸೋಲಿನ ಜಾತಿಯದೇ. ಬೆಳಿಗ್ಗೆ ಅದನ್ನು ನುಂಗಿದವರಿಗೆ ಮಧ್ಯಾಹ್ನದ ಊಟದ ಬಳಿಕ ಸಕ್ಕರೆ ಏರುವುದುಂಟು. ಖಾಲಿಹೊಟ್ಟೆಯ ಪರೀಕ್ಷೆಯಲ್ಲಿ ಅದು ಕಾಣದೇ ಹೋಗಬಹುದು. (ಹಾಗೆಂದು ಆ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದು ಅಪಾಯ.) 52 ದೇಶಗಳ ಹೃದಯಾಘಾತದ ರೋಗಿಗಳನ್ನು ನೋಡಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೆಸರಿಸಿದ ಒಂಬತ್ತು ಕಾರಣಗಳಲ್ಲಿ ಮಾನಸಿಕ ಒತ್ತಡವೂ ಒಂದು. ಲಂಡನ್ನಿನ ಸರಕಾರಿ ನೌಕರರ ವೈಟ್‌ಹಾಲ್ ಅಧ್ಯಯನದಲ್ಲಿ ಹೃದ್ರೋಗದಿಂದ ಹೆಚ್ಚು ಸತ್ತವರು ಸಾಹೇಬರಲ್ಲ, ಕೆಳದರ್ಜೆಯವರು. ಧೂಮಪಾನ, ಬಿಪಿಗಳ ಲೆಕ್ಕ ಕಳೆದ ಮೇಲೂ ಆ ಅಂತರ ಅಳಿಯಲಿಲ್ಲ.

ಆದರೆ ನೀವು ಮಾತ್ರೆ ಬಿಟ್ಟದ್ದು ತಪ್ಪು, ದೊಡ್ಡ ತಪ್ಪು. ಈ ವಾರವೇ ವೈದ್ಯರನ್ನು ಕಾಣಿ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಬಿಪಿ ನೋಡಿಸುವಾಗ ಬಸ್ಸಿಳಿದು ನೇರ ಕೈಚಾಚಬೇಡಿ: ಮುಂಚಿನ ಅರ್ಧ ಗಂಟೆ ಚಾ, ಬೀಡಿ ಬೇಡ, ಬೆನ್ನಿಗೆ ಆನಿಕೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿಸಿ.

‘ಟೆನ್ಶನ್ ಬಿಡಿ’ ಎಂದು ಹೇಳಿ ಕಳಿಸಿದರೆ ಸಾಲ ತೀರುತ್ತದೆಯೇ? ಎದೆನೋವೆಂದರೆ ಮಂಗಳೂರಿಗೆ ಓಡಬೇಕಾದ ನಮ್ಮವರಿಗೆ 2020ರಲ್ಲಿ, ಕೋವಿಡ್ ಕಾಲದಲ್ಲಿ, ಕರ್ನಾಟಕಕ್ಕೆ ದಾಟುವ ತಲಪಾಡಿಯ ಗಡಿಯೇ ಮುಚ್ಚಿತ್ತು. ಆ ಭಯಕ್ಕೆ ಯಾವ ಮಾತ್ರೆಯಿದೆ? ಪಥ್ಯದ ಚೀಟಿಯನ್ನು ಮಲಯಾಳದಲ್ಲಿ ಕೊಟ್ಟರೆ ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಅದು ಬರೀ ಕಾಗದ. ನಿಮ್ಮ ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ಕನ್ನಡದ ಚೀಟಿ ಕೇಳಿ. ಇಲ್ಲವೆಂದರೆ ಅರ್ಜಿ ಬರೆದು ಕೊಟ್ಟು, ಅದರ ಪ್ರತಿಯನ್ನು ನಮಗೆ ಕಳಿಸಿ.

— ಸಂ.