ಹೋವರ್‌ಕ್ರಾಫ್ಟ್ ಯುದ್ಧನೌಕೆಯಾಗಬಲ್ಲದೆ?

ಮಾನ್ಯ ಓದುಗರೆ,

ತನ್ನಡಿಗೆ ಊದಿದ ಗಾಳಿಯ ಮೆತ್ತೆಯ ಮೇಲೆ ತೇಲುವ ಹೋವರ್‌ಕ್ರಾಫ್ಟ್ ನೀರನ್ನು ಸೋಕದಂತೆ ವೇಗವಾಗಿ ಸಾಗಿ ನೇರವಾಗಿ ದಡವೇರಬಲ್ಲದಾದರೆ, ನೌಕಾಪಡೆಗಳು ಅದಕ್ಕೇ ಕ್ಷಿಪಣಿಗಳನ್ನು ಅಳವಡಿಸಿ ಕರಾವಳಿಯ ರಕ್ಷಣೆಗೆ ಏಕೆ ನಿಲ್ಲಿಸುವುದಿಲ್ಲ ಎಂದು ಕೇಳಿದ್ದೀರಿ.

ವೇಗದ ಬಗೆಗೆ ನಿಮ್ಮ ಮಾತು ಸರಿ. ಸೋವಿಯತ್ ಒಕ್ಕೂಟದಲ್ಲಿ ರೂಪುಗೊಂಡ ‘ಜೂಬ್ರ್’ ಎಂಬ ಹೋವರ್‌ಕ್ರಾಫ್ಟ್ 57 ಮೀಟರ್ ಉದ್ದವಿದ್ದು, ಸುಮಾರು 555 ಟನ್ ತೂಗಿದರೂ, ಮೂರು ಟ್ಯಾಂಕುಗಳನ್ನು ಹೊತ್ತು 55 ನಾಟ್‌ಗೂ (ಗಂಟೆಗೆ ಸುಮಾರು 100 ಕಿ.ಮೀ.) ಮೀರಿ ಓಡಬಲ್ಲದು. ಅದರ ಮೇಲೆ 30 ಮಿ.ಮೀ. ತೋಪುಗಳೂ 140 ಮಿ.ಮೀ. ರಾಕೆಟ್‌ಗಳೂ ಇವೆಯೆಂಬುದು ನಿಜವೇ. ಆದರೆ ಅವಿರುವುದು ತನ್ನ ರಕ್ಷಣೆಗೆ ಮತ್ತು ಸೈನಿಕರು ಇಳಿಯುವ ಹೊತ್ತಿನಲ್ಲಿ ದಡದಲ್ಲಿರುವ ಶತ್ರುವನ್ನು ತಲೆಯೆತ್ತದಂತೆ ಮಾಡುವುದಕ್ಕೆ, ಹಡಗುಗಳೊಡನೆ ಕಾದಾಡುವುದಕ್ಕಲ್ಲ.

ತೊಡಕಿರುವುದು ಗಾಳಿಯ ಮೆತ್ತೆಯಲ್ಲಿಯೇ. ಜೂಬ್ರ್‌ನ ಐದು ಗ್ಯಾಸ್ ಟರ್ಬೈನ್ ಎಂಜಿನುಗಳಲ್ಲಿ ಎರಡು ಮೆತ್ತೆಗೆ ಗಾಳಿಯೂದಿ ನೌಕೆಯನ್ನು ಎತ್ತಿ ಹಿಡಿಯುವುದಕ್ಕೇ ಮೀಸಲು. ಆದ್ದರಿಂದ ಇಂಧನ ಬೇಗ ಕರಗುತ್ತದೆ, ಒಂದು ಓಟದ ವ್ಯಾಪ್ತಿ 300 ನಾಟಿಕಲ್ ಮೈಲಿಯ (ಸುಮಾರು 555 ಕಿ.ಮೀ.) ಆಸುಪಾಸಿಗೆ ನಿಲ್ಲುತ್ತದೆ. ಮೆತ್ತೆಯ ಗಾಳಿ ಸೋರದಂತೆ ಸುತ್ತಲೂ ಇಳಿಬಿಟ್ಟಿರುವ ರಬ್ಬರಿನ ಸ್ಕರ್ಟ್‌ನ ಅಂಚು ಬೆರಳುಗಳಂತೆ ಬಿಡಿಬಿಡಿಯಾಗಿರುತ್ತದೆ. ಒಂದು ಹರಿದರೆ ಅಕ್ಕಪಕ್ಕದವು ಉಬ್ಬಿ ಆ ಸಂದನ್ನು ಮುಚ್ಚುತ್ತವೆ. ಈ ಜಾಣ ಏರ್ಪಾಡಿಗೂ ಎತ್ತರದ ಅಲೆಗಳ ಎದುರು ಮಿತಿಯುಂಟು: ಅಲೆ ಸುಮಾರು ಎರಡು ಮೀಟರ್ ದಾಟಿದರೆ ಸವಾರಿ ಕಷ್ಟ. ನೀರೊಳಗೆ ಹಿಡಿತವಿಲ್ಲದ ಕಾರಣ ತಿರುವಿನಲ್ಲಿ ಅದು ಪಕ್ಕಕ್ಕೆ ಜಾರುತ್ತದೆ. ಇಷ್ಟು ಸಾಲದೆಂಬಂತೆ, ಅದರ ಅಬ್ಬರವೂ ಎರಚುವ ತುಂತುರೂ ಅದು ಬರುವುದನ್ನು ದೂರದಿಂದಲೇ ಸಾರಿಬಿಡುತ್ತವೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಮೆಕಾಂಗ್ ಮುಖಜಭೂಮಿಯ ಜೌಗಿನಲ್ಲಿ ಹೋವರ್‌ಕ್ರಾಫ್ಟ್‌ಗಳನ್ನು ಕಾದಾಟಕ್ಕೇ ಇಳಿಸಿತ್ತು. ದೋಣಿ ಹೋಗಲಾರದ ಕಡೆ ಅವು ನುಗ್ಗಿದವು, ಆದರೆ ಸದ್ದೂ ನಿರ್ವಹಣೆಯ ಖರ್ಚೂ ಬಾಧಿಸಿದವು.

ಹಾಗೆಂದು ನೀವು ಕೇಳಿದ ಕ್ಷಿಪಣಿ ನೌಕೆ ಇಲ್ಲವೇ ಇಲ್ಲವೆಂದಲ್ಲ. ರಷ್ಯಾದ ‘ಬೋರಾ’ ಎಂಟು ‘ಮಸ್ಕೀತ್’ ಕ್ಷಿಪಣಿಗಳನ್ನು ಹೊತ್ತ, ಸಾವಿರ ಟನ್ನಿನಷ್ಟು ಭಾರದ ನೌಕೆ. ನಾರ್ವೆಯ ‘ಶೋಲ್ಡ್’ ಅದಕ್ಕಿಂತ ಬಹಳ ಚಿಕ್ಕದಾದರೂ 60 ನಾಟ್ ವೇಗದಲ್ಲಿ ಎಂಟು ಕ್ಷಿಪಣಿಗಳೊಡನೆ ಸಾಗುತ್ತದೆ. ಇವೆರಡರಲ್ಲೂ ಗಾಳಿಯ ಮೆತ್ತೆ ಇದೆ, ಆದರೆ ಅದರ ಎರಡು ಮಗ್ಗುಲಿಗೆ ನೀರಿನಲ್ಲಿ ಮುಳುಗಿರುವ ಗಟ್ಟಿ ಒಡಲುಗಳಿವೆ. ಸ್ಕರ್ಟ್ ಇರುವುದು ಮುಂದೆ ಮತ್ತು ಹಿಂದೆ ಮಾತ್ರ. ಗಾಳಿ ಸೋರುವುದು ಇದರಿಂದ ಕಡಿಮೆಯಾಯಿತು, ನೀರಿನ ಹಿಡಿತವೂ ದಕ್ಕಿತು. ಅದಕ್ಕೆ ಪ್ರತಿಯಾಗಿ, ನಿಮ್ಮನ್ನು ಬಹುಶಃ ಎಲ್ಲಕ್ಕಿಂತ ಹೆಚ್ಚು ಸೆಳೆದಿರುವ ಗುಣವನ್ನೇ, ಅಂದರೆ ದಡವೇರುವ ಶಕ್ತಿಯನ್ನು, ವಿನ್ಯಾಸಕಾರರು ಬಿಟ್ಟುಕೊಡಬೇಕಾಯಿತು.

— ಸಂಪಾದಕ