ಡಾಕ್ಟರ್ ನಗೋದು ಬಿಡಿ, ಆ 50 ಡಾಲರ್ ಎಲ್ಲಿ?

ನಮಸ್ಕಾರ. ನಿಮ್ಮ ಟಸ್ಕೀಗಿ ಕತೆ ಓದ್ದೆ, ಅದೇ, ಅಮೆರಿಕದಲ್ಲಿ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದ್ದ ಕಪ್ಪು ಜನಕ್ಕೆ ಚಿಕಿತ್ಸೆ ಕೊಡದೆ, ಏನಾಗುತ್ತೆ ಅಂತ ಸುಮ್ನೆ ನೋಡ್ತಾ ಕೂತಿದ್ದ ಸ್ಟಡಿ ಬಗ್ಗೆ ಬರೆದಿದ್ದು. ಭಾಷೆ ಚೆನ್ನಾಗಿದೆ, ಹತ್ತಿ ಹೊಲದ ವರ್ಣನೆ ಓದಿಸ್ಕೊಂಡು ಹೋಗುತ್ತೆ, ಮೆಡಿಕಲ್ ಓದ್ತಾ ಕನ್ನಡದಲ್ಲಿ ಇಂಥ ವಿಷಯ ಎತ್ಕೊಂಡಿದ್ದೀರಲ್ಲ, ಖುಷಿ. ಹೊಗಳಿಕೆ ಇಷ್ಟೇ. ಈಗಿರೋ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಕ್ಕಾಗಲ್ಲ. ಬೇರೆಯವ್ರಿಗಾದ್ರೆ ಒಂದು ಸಾಲಲ್ಲಿ ಮುಗಿಸ್ತಿದ್ದೆ, ನಿಮ್ಮ ಕತೆ ಮಾತ್ರ ನಿನ್ನೆಯಿಂದ ತಲೆ ತಿಂತಿದೆ, ಅದಕ್ಕೇ ಇಷ್ಟುದ್ದ.

ಮೊದಲ ಪುಟ, ನಾಲ್ಕನೇ ಸಾಲು: "ಬಿಳಿ ಡಾಕ್ಟರ್ ಗಹಗಹಿಸಿ ನಗುತ್ತಾ ಆ ಅಮಾಯಕನ ತೋಳಿಗೆ ಸಿಫಿಲಿಸ್ ಚುಚ್ಚಿದ."

ಇದು ನಡೆದೇ ಇಲ್ಲ ಸ್ವಾಮಿ. ಅಲಬಾಮಾದ ಮೇಕನ್ ಕೌಂಟಿಯಲ್ಲಿ 1932ರಲ್ಲಿ ಶುರುವಾದ ಆ ಸ್ಟಡಿಗೆ ಅಮೆರಿಕ ಸರ್ಕಾರದ ಪಬ್ಲಿಕ್ ಹೆಲ್ತ್ ಸರ್ವಿಸ್‌ನವ್ರು ಸುಮಾರು 600 ಕಪ್ಪು ಗಂಡಸರನ್ನ ಸೇರಿಸ್ಕೊಂಡ್ರು, ಅವರಲ್ಲಿ 399 ಜನಕ್ಕೆ ಕಾಯಿಲೆ ಆಗ್ಲೇ ಇತ್ತು, ಮಿಕ್ಕ 201 ಜನ ಹೋಲಿಸಿ ನೋಡೋಕೆ. ಯಾರಿಗೂ ಸೂಜಿ ಚುಚ್ಚಿ ರೋಗ ಹತ್ತಿಸ್ಲಿಲ್ಲ. ಬೇಕಂತ್ಲೇ ಹತ್ತಿಸಿದ್ದು ಗ್ವಾಟೆಮಾಲಾದಲ್ಲಿ, 1946ರಿಂದ 48ರವರೆಗೆ, ಕೈದಿಗಳು, ಸೈನಿಕರು, ಮಾನಸಿಕ ಆಸ್ಪತ್ರೆ ರೋಗಿಗಳ ಮೇಲೆ. ಇಲಾಖೆ ಅದೇ, ಅಲ್ಲಿದ್ದ ಡಾಕ್ಟರ್ ಜಾನ್ ಕಟ್ಲರ್ ಆಮೇಲೆ ಟಸ್ಕೀಗಿ ಕೆಲಸದಲ್ಲೂ ಇದ್ದ, ಅದಕ್ಕೇ ಜನ ಎರಡನ್ನೂ ಕಲಸಿಬಿಡ್ತಾರೆ. ಕತೆ ತಾನೇ ಸಾರ್ ಅಂತೀರೇನೋ. ಊರು, ಇಸವಿ, ಇಲಾಖೆ ಹೆಸರು ಎಲ್ಲ ನಿಜವಾದ್ದೇ ಹಾಕಿದ್ಮೇಲೆ ಆ ಸಬೂಬು ನಡಿಯಲ್ಲ.

ಇನ್ನು ಆ ಗಹಗಹ. ನನಗೆ ಮೈ ಉರಿದಿದ್ದೇ ಅಲ್ಲಿ. ಡಾಕ್ಟರ್ ನಕ್ಕ ತಕ್ಷಣ ಓದೋನು ನಿರಾಳ ಆಗ್ತಾನೆ, ಅವ್ನು ರಾಕ್ಷಸ, ನಮ್ಮಂಥೋರಲ್ಲ ಅಂತ. ಅವರು ನಗ್ಲಿಲ್ಲ ಕಣ್ರೀ, ಮೀಟಿಂಗ್ ಮಾಡಿದ್ರು. ಪೀಟರ್ ಬಕ್ಸ್‌ಟನ್ ಅನ್ನೋ ಅದೇ ಇಲಾಖೆ ನೌಕರ ಇದು ತಪ್ಪು ಅಂತ 1966ರಲ್ಲೇ ಬರೆದುಕೊಟ್ಟಿದ್ದ, 1969ರಲ್ಲಿ ಡಾಕ್ಟರ್‌ಗಳ ಒಂದು ಸಮಿತಿ ಕೂತು ಚರ್ಚೆ ಮಾಡಿ, ಮುಂದುವರಿಸೋಣ ಅಂತ ತೀರ್ಮಾನ ಮಾಡಿ ಎದ್ದು ಹೋಯ್ತು. ಆ ಕಾಯಿಲೆ ವಾಸಿ ಮಾಡೋ ಪೆನ್ಸಿಲಿನ್ ಸಿಗೋಕೆ ಶುರುವಾಗಿ ಆಗ್ಲೇ ಇಪ್ಪತ್ತು ವರ್ಷದ ಮೇಲಾಗಿತ್ತು! ನಿಮ್ಮ ಕತೆಯಲ್ಲಿ ಆ ಮೀಟಿಂಗ್ ಇಲ್ಲ, ಯಾಕಿಲ್ಲ?

ಎರಡನೇ ಪುಟ: "ಏನೂ ಅರಿಯದ ಆ ಮುಗ್ಧರು ಕುರಿಗಳಂತೆ ಸಾಲುಗಟ್ಟಿ ನಿಂತರು." ಯಾಕೆ ನಿಂತ್ರು ಅಂತ ಒಂದ್ಸಲನಾದ್ರೂ ಯೋಚನೆ ಮಾಡಿದ್ರಾ? ಬೇರೆಯವ್ರ ಹೊಲದಲ್ಲಿ ಪಾಲಿಗೆ ಗೇಯೋ ಜನ, ಡಾಕ್ಟರ್ ಅನ್ನೋನ್ನ ಕಂಡೋರೇ ಕಮ್ಮಿ, ನಿಮಗೆ ರಕ್ತ ಕೆಟ್ಟಿದೆ ಬನ್ನಿ ಅಂದ್ರು, ಬಂದ್ರು. ಬಿಸಿ ಊಟ ಇತ್ತು, ಟಾನಿಕ್ಕು ಆಸ್ಪಿರಿನ್ ಇತ್ತು, ಸತ್ರೆ ಮಣ್ಣು ಮಾಡೋಕೆ 50 ಡಾಲರ್ ಇತ್ತು, ಆದ್ರೆ ಮನೆಯವ್ರು ಹೆಣ ಕೊಯ್ಯೋಕೆ ಒಪ್ಪಬೇಕು. ಬೆನ್ನುಮೂಳೆ ಸಂದಿಗೆ ಸೂಜಿ ಹಾಕಿ ನೀರು ತೆಗೆಯೋಕೆ ಕರೆದಾಗ, ಅದು ಬರೀ ಪರೀಕ್ಷೆ ಆಗಿದ್ರೂ, ಕರೆಯೋ ಪತ್ರದಲ್ಲಿ ವಿಶೇಷ ಉಚಿತ ಚಿಕಿತ್ಸೆ, ಇದೇ ಕೊನೇ ಅವಕಾಶ ಅಂತ ಬರೆದಿದ್ರು. 25 ವರ್ಷ ಆದಾಗ ಸರ್ಟಿಫಿಕೇಟು, ಜೊತೆಗೆ ವರ್ಷಕ್ಕೊಂದು ಡಾಲರಿನ ಲೆಕ್ಕದಲ್ಲಿ 25 ಡಾಲರ್. ಇದನ್ನೆಲ್ಲ ಬಿಟ್ಟು ಕುರಿ ಅಂತೀರಲ್ಲ. ಅವರಲ್ಲಿ ಹರ್ಮನ್ ಶಾ ಅಂತ ಒಬ್ಬರು ಚಿಕಿತ್ಸೆಗೆ ಅಂತ ಅಲಬಾಮಾದಲ್ಲೇ ಇರೋ ಬರ್ಮಿಂಗ್‌ಹ್ಯಾಮ್‌ವರೆಗೆ ಹೋಗಿದ್ರು, ನೀನು ಇಲ್ಲಿರಬೇಕಾದವನಲ್ಲ ಅಂತ ವಾಪಸ್ ಕಳ್ಸಿದ್ರು. ಅದೇ ಶಾ 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ ದಿನ ವೈಟ್‌ಹೌಸಲ್ಲಿ ಮಾತಾಡಿದ್ದು.

ನಾನು ಈ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಮ್ಮ ಹಿರಿಯ ಉಪಸಂಪಾದಕರೊಬ್ರು ನನ್ನನ್ನ ಒಂದು ಆಸ್ಪತ್ರೆ ಸರ್ಜರಿ ವಾರ್ಡಿಗೆ ಕರ್ಕೊಂಡು ಹೋಗಿ ಬೆಂಚಲ್ಲಿ ಕೂರಿಸಿ, ಮಧ್ಯಾಹ್ನದವರೆಗೆ ಸುಮ್ನೆ ನೋಡು ಅಂದಿದ್ರು. ಒಪ್ಪಿಗೆ ಫಾರಂ ಇಂಗ್ಲಿಷಲ್ಲಿ. ವಾರ್ಡ್ ಬಾಯ್ ಇಂಕ್ ಪ್ಯಾಡ್ ತಂದು ಒಬ್ಬ ಅಜ್ಜಿ ಹೆಬ್ಬೆರಳನ್ನ ತಾನೇ ಹಿಡಿದು ಒತ್ತಿಸಿ, ಆಮೇಲೆ ಹತ್ತಿಯಿಂದ ಆ ಮಸಿನ ಉಗುರಿನ ಸಂದಿಯಿಂದ ಹಿಡಿದು ಚೆನ್ನಾಗಿ ಒರೆಸ್ದ, "ಏನಿಲ್ಲ ಅಜ್ಜಿ, ಸುಮ್ನೆ" ಅಂತ. ಹೊರಗೆ ಬಂದ್ಮೇಲೆ ಅವರು ಕೇಳಿದ್ದು ಒಂದೇ, ಮಸಿ ಒರೆಸಿದ್ನಲ್ಲ, ನೋಡಿದ್ಯಾ? ನೋಡ್ದೆ ಅಂದೆ. ಹಾಗಾದ್ರೆ ಅಲ್ಲಿಂದ್ಲೇ ಶುರು ಮಾಡು ಅಂದ್ರು. ಪಾಪ, ಅವರೀಗಿಲ್ಲ, ಇದ್ದಿದ್ರೆ ನಿಮ್ಮ ಗಹಗಹಕ್ಕೆ ಕೆಂಪು ಪೆನ್ನಲ್ಲಿ ಏನು ಬರೀತಿದ್ರೋ.

ಟಸ್ಕೀಗಿ ಸ್ಟಡಿಯ ನರ್ಸ್ ಯೂನಿಸ್ ರಿವರ್ಸ್ ಬಗ್ಗೆ ಓದಿದಾಗೆಲ್ಲ ನನಗೆ ಆ ವಾರ್ಡ್ ಬಾಯ್ ನೆನಪಾಗ್ತಾನೆ. ಆಕೆನೂ ಕಪ್ಪು ಹೆಂಗಸು, ಈ ಗಂಡಸರನ್ನ ಸ್ವತಃ ಕಾರಲ್ಲಿ ಕೂರಿಸ್ಕೊಂಡು ಹೋಗಿ ಬರ್ತಿದ್ಲು, ಅವರ ಮನೆಮಂದಿಯೆಲ್ಲ ಗೊತ್ತು, ಸತ್ತಾಗ ಮಣ್ಣಿಗೂ ಹೋಗ್ತಿದ್ಲು, ಹೆಣ ಕೊಯ್ಯೋಕೆ ಮನೆಯವ್ರನ್ನ ಒಪ್ಪಿಸ್ತಿದ್ದೋಳೂ ಅವಳೇ. ನಿಮ್ಮ ಕತೆಯಲ್ಲಿ ಆಕೆಗೆ ಸಿಕ್ಕಿರೋದು ಒಂದೂವರೆ ಸಾಲು, ಅದೂ ಹೆಸರಿಲ್ದೆ!

ಹಾಗಾಗಿ ಡಾಕ್ಟರನ್ನ ಪೂರ್ತಿ ತೆಗೀರಿ. ಕಾರಿನೊಳಗೆ ಆಕೆ ಮತ್ತೆ ಇಬ್ಬರು ಗಂಡಸರು, ಅಷ್ಟೇ ಇಟ್ಕೊಂಡು ಮತ್ತೆ ಬರೀರಿ, ಅವರು ಮಳೆ ಬೆಳೆ ಮಾತಾಡ್ಲಿ. ಕೊನೇ ಪುಟದ ಭಾಷಣ ನಾನೇ ಹೊಡೆದು ಹಾಕಿದ್ದೀನಿ, ವಾಪಸ್ ಕೇಳಬೇಡಿ. ಮತ್ತೆ ಕಳ್ಸುವಾಗ ದಯವಿಟ್ಟು ಯೂನಿಕೋಡಲ್ಲಿ ಕಳ್ಸಿ, ಹೋದ್ಸಲದ ನುಡಿ ಫೈಲಲ್ಲಿ ಒತ್ತಕ್ಷರ ಎಲ್ಲ ಒಡೆದು ಬಂದಿತ್ತು.