ಚಿಕ್ಕಪ್ಪನವರ ಟೇಪಿನಲ್ಲಿ ಉಳಿದಿರುವ ಕಡಲ ಬಾನುಲಿ

ಪ್ರಶ್ನೆ: ನನ್ನ ಚಿಕ್ಕಪ್ಪ 1960ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ವೈದ್ಯರಾಗಿದ್ದರು. ಅವರು ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಮನೆಯ ಅಟ್ಟದಲ್ಲಿ ಮೂರು ಸ್ಪೂಲ್ ಟೇಪುಗಳು ಸಿಕ್ಕಿವೆ. ಒಂದರ ಡಬ್ಬಿಯ ಮೇಲೆ ‘ಕ್ಯಾರೊಲಿನ್, ಆಗಸ್ಟ್’ ಎಂದಷ್ಟೇ ಬರೆದಿದೆ, ವರ್ಷವಿಲ್ಲ. ಅದು ಪೈರೇಟ್ ರೇಡಿಯೊ, ಅಂದರೆ ಪರವಾನಗಿಯಿಲ್ಲದೆ ಪ್ರಸಾರ ಮಾಡುತ್ತಿದ್ದ ನಿಲಯ ಎಂದು ಬಲ್ಲವರೊಬ್ಬರು ಹೇಳಿದರು. ಇವುಗಳಿಗೆ ಬೆಲೆ ಇದೆಯೆ? ಹಾಡುಗಳನ್ನಷ್ಟೇ ಆರಿಸಿ ಇಟ್ಟುಕೊಂಡರೆ ಸಾಕೆ? ಅಂತರಜಾಲದಲ್ಲಿ ಹಾಕಬಹುದೆ?
— ಓದುಗರು, ಶಿವಮೊಗ್ಗ

ಉತ್ತರ: ಮೊದಲು ಒಂದು ವಿನಂತಿ. ಯಾರದೋ ಮನೆಯಲ್ಲಿ ಹಳೆಯ ಯಂತ್ರ ಸಿಕ್ಕಿತೆಂದು ಟೇಪನ್ನು ಈಗಲೇ ಓಡಿಸಬೇಡಿ. ಹಾಡುಗಳನ್ನಷ್ಟೇ ಆರಿಸಿಕೊಳ್ಳುವ ವಿಚಾರವನ್ನಂತೂ ಬಿಟ್ಟೇಬಿಡಿ. ಆ ಹಾಡುಗಳು ಗ್ರಾಮಫೋನ್ ತಟ್ಟೆಗಳಿಂದ ಬಂದವು, ನಿಮ್ಮ ಟೇಪಿನಲ್ಲಿರುವುದಕ್ಕಿಂತ ಎಷ್ಟೋ ಸ್ವಚ್ಛವಾಗಿ ಇಂದಿಗೂ ದೊರೆಯುತ್ತವೆ. ಬೇರೆಲ್ಲೂ ಉಳಿದಿರಲಾರದ್ದೆಂದರೆ ಹಾಡು ಹಾಡುಗಳ ನಡುವಿನ ಭಾಗ: ನಿರೂಪಕನ ಮಾತು, ಜಾಹೀರಾತು, ಹವಾಮಾನದ ವರದಿ, ಗಂಟೆ ಹೇಳುವ ದನಿ, ಕೇಳುಗರ ಪತ್ರಗಳು.

ರೋನನ್ ಓ’ರಾಹಿಲಿ ಎಂಬ ಐರಿಷ್ ಯುವಕ ಸ್ಥಾಪಿಸಿದ ರೇಡಿಯೊ ಕ್ಯಾರೊಲಿನ್ 1964ರ ಮಾರ್ಚ್ 28ರಂದು ಇಂಗ್ಲೆಂಡಿನ ಪೂರ್ವ ಕರಾವಳಿಯಾಚೆ ಲಂಗರು ಹಾಕಿದ್ದ ‘ಫ್ರೆಡೆರಿಷಿಯಾ’ ಹಡಗಿನಿಂದ ಪ್ರಸಾರ ಆರಂಭಿಸಿತು. ಅಂದಿನ ಬ್ರಿಟಿಷ್ ಕಾನೂನಿನ ವ್ಯಾಪ್ತಿ ದಡದಿಂದ 3 ಮೈಲಿಗೆ ಮುಗಿಯುತ್ತಿತ್ತು, ಹಡಗು ಅದರಾಚೆಗಿತ್ತು. ಕಲಾವಿದರ ಸಂಘ ಮತ್ತು ಧ್ವನಿಮುದ್ರಿಕೆ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದದ ಕಾರಣ ಬಿಬಿಸಿಯು ದಿನಕ್ಕೆ ಕೆಲವೇ ಗಂಟೆ ಮಾತ್ರ ತಟ್ಟೆಗಳನ್ನು ನುಡಿಸಬಹುದಾಗಿದ್ದ ಆ ಕಾಲದಲ್ಲಿ, ಬೆಳಗಿನಿಂದ ಹೊಸ ಹಾಡುಗಳನ್ನೇ ಕೇಳಿಸುವ ನಿಲಯವೊಂದು ಎಳೆಯರಿಗೆ ಎಷ್ಟು ಹತ್ತಿರವಾಗಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಅದೇ ಜುಲೈನಲ್ಲಿ ಕ್ಯಾರೊಲಿನ್, ‘ಮಿ ಅಮಿಗೊ’ ಹಡಗಿನ ರೇಡಿಯೊ ಅಟ್ಲಾಂಟದೊಡನೆ ಒಂದಾಯಿತು. ಮಿ ಅಮಿಗೊ ‘ಕ್ಯಾರೊಲಿನ್ ಸೌತ್’ ಆಗಿ ಅಲ್ಲಿಯೇ ಉಳಿಯಿತು, ಫ್ರೆಡೆರಿಷಿಯಾ ‘ಕ್ಯಾರೊಲಿನ್ ನಾರ್ತ್’ ಆಗಿ ಐಲ್ ಆಫ್ ಮ್ಯಾನ್ ದ್ವೀಪದ ರ‍್ಯಾಮ್ಸೆ ಬಳಿಗೆ ಸಾಗಿತು. ಲ್ಯಾಂಕಶೈರ್‌ನಲ್ಲಿದ್ದ ನಿಮ್ಮ ಚಿಕ್ಕಪ್ಪನವರು ಕೇಳಿದ್ದು ಬಹುಶಃ ಈ ಉತ್ತರದ ಹಡಗನ್ನೇ.

ಇನ್ನು ವರ್ಷದ ವಿಷಯ. ಆ ದಶಕದಲ್ಲಿ ಕ್ಯಾರೊಲಿನ್ ಕಂಡದ್ದು ನಾಲ್ಕೇ ಆಗಸ್ಟ್ ತಿಂಗಳುಗಳನ್ನು, 1964ರಿಂದ 1967ರವರೆಗೆ. ಆದ್ದರಿಂದ ನಿಮ್ಮ ಹುಡುಕಾಟ ದೊಡ್ಡದಲ್ಲ. ನಿರೂಪಕ ನಿಲಯದ ತರಂಗಾಂತರವನ್ನು ‘259 ಮೀಟರ್’ ಎಂದು ಹೇಳಿದರೆ ಅದು 1964 ಅಥವಾ 1965 ಆಗಿರಲು ಸಾಧ್ಯವಿಲ್ಲ, ಏಕೆಂದರೆ ಮೊದಲ ಎರಡು ವರ್ಷ ನಿಲಯ ತನ್ನನ್ನು ‘199’ ಎಂದೇ ಕರೆದುಕೊಳ್ಳುತ್ತಿತ್ತು. ‘ಕ್ಯಾರೊಲಿನ್ ಇಂಟರ್‌ನ್ಯಾಷನಲ್’ ಎಂಬ ಹೆಸರು ಕೇಳಿಬಂದರೆ ನಿಮ್ಮ ಕೈಯಲ್ಲಿರುವುದು ಬಹಳ ಅಪರೂಪದ ಟೇಪು. 1967ರ ಆಗಸ್ಟ್ 14ರ ಮಧ್ಯರಾತ್ರಿ ಕಡಲ ನಿಲಯಗಳಿಗೆ ಕೆಲಸಗಾರರು, ಸಾಮಗ್ರಿ, ಜಾಹೀರಾತು ಯಾವುದನ್ನೂ ಒದಗಿಸಬಾರದೆಂಬ ಬ್ರಿಟಿಷ್ ಕಾನೂನು ಜಾರಿಗೆ ಬಂತು. ಇನ್ನೊಂದು ಕಡಲ ನಿಲಯವಾದ ರೇಡಿಯೊ ಲಂಡನ್ ಅಂದು ಮಧ್ಯಾಹ್ನ 3 ಗಂಟೆಗೇ ಮುಚ್ಚಿತು. ಕ್ಯಾರೊಲಿನ್ ಮಾತ್ರ ಹೆಸರಿಗೆ ‘ಇಂಟರ್‌ನ್ಯಾಷನಲ್’ ಎಂಬ ಪದ ಸೇರಿಸಿಕೊಂಡು ಮುಂದುವರಿಯಿತು. ತನ್ನದೇ ಸಂಸತ್ತಿದ್ದು ಅದು ಒಪ್ಪದಿದ್ದರೂ ಐಲ್ ಆಫ್ ಮ್ಯಾನ್‌ಗೆ ಆ ಕಾನೂನನ್ನು ಸುಮಾರು ಎರಡು ವಾರ ತಡವಾಗಿ ಹೇರಲಾಯಿತು. ಅಂದರೆ ಉತ್ತರದ ಹಡಗಿನ ಆ ಆಗಸ್ಟ್ ಪ್ರಸಾರಗಳಲ್ಲಿ ಆ ಕಾನೂನು ಬ್ರಿಟನ್ನಿನಲ್ಲಿ ಜಾರಿಯಾಗಿ ದ್ವೀಪಕ್ಕಿನ್ನೂ ಬಾರದಿದ್ದ ನಡುವಿನ ದಿನಗಳೂ ದಾಖಲಾಗಿರುತ್ತವೆ. 1968ರ ಮಾರ್ಚ್‌ನಲ್ಲಿ, ಸಾಮಗ್ರಿ ಪೂರೈಸುತ್ತಿದ್ದವರ ಬಾಕಿಗಾಗಿ ಎರಡೂ ಹಡಗುಗಳನ್ನು ಎಳೆದೊಯ್ಯಲಾಯಿತು. ಮುಂದೆ ಮತ್ತೆ ಪ್ರಸಾರಕ್ಕೆ ಬಂದ ಮಿ ಅಮಿಗೊ 1980ರಲ್ಲಿ ಮುಳುಗಿತು.

ಇಂಥ ನಿಲಯಗಳದಾಗಿ ಇಂದು ಕೇಳಸಿಗುವ ಧ್ವನಿಯಲ್ಲಿ ಬಹುಪಾಲನ್ನು ಉಳಿಸಿದವರು ಕೇಳುಗರು, ಮನೆಯ ರೇಡಿಯೊ ಎದುರು ಟೇಪ್ ರೆಕಾರ್ಡರ್ ಇಟ್ಟುಕೊಂಡವರು. ನಮ್ಮಲ್ಲಿಯೂ ಇದಕ್ಕೆ ಹೋಲುವ ಒಂದು ಪ್ರಸಂಗವಿದೆ: 1942ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುಟ್ಟಾಗಿ ನಡೆಸಿದ ಕಾಂಗ್ರೆಸ್ ರೇಡಿಯೊದ ಮಾತುಗಳು ನಮಗೆ ಬಹುಮಟ್ಟಿಗೆ ತಿಳಿದಿರುವುದು, ಅವರನ್ನು ಹಿಡಿಯಲು ಕಿವಿಗೊಟ್ಟು ಕುಳಿತ ಸರ್ಕಾರಿ ಸಿಬ್ಬಂದಿ ಬರೆದುಕೊಂಡ ಪ್ರತಿಗಳಿಂದ. ಅಲ್ಲಿ ಹಗೆಯ ಕಿವಿ, ಇಲ್ಲಿ ಪ್ರೀತಿಯ ಕಿವಿ. ನಿಮ್ಮ ಚಿಕ್ಕಪ್ಪನವರನ್ನು ನಾನು ಈ ಎರಡನೆಯ ಬಗೆಯ ಪತ್ರಾಗಾರಪಾಲಕರ ಸಾಲಿನಲ್ಲಿಯೇ ಎಣಿಸುತ್ತೇನೆ.

ಟೇಪಿನ ಸ್ಥಿತಿಯನ್ನು ಹೀಗೆ ನೋಡಿ. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಸುತ್ತಿದ ಟೇಪಿನ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಟೇಪು, ಬಾರದಿದ್ದರೆ ಸಾಮಾನ್ಯವಾಗಿ ಪಾಲಿಯೆಸ್ಟರ್. ಅಸಿಟೇಟ್ ಟೇಪಿನಿಂದ ವಿನೆಗರ್‌ನ ಹುಳಿ ವಾಸನೆ ಬರುತ್ತಿದ್ದರೆ ಅದು ಕೊಳೆಯತೊಡಗಿದೆ, ವಿಳಂಬ ಮಾಡುವಂತಿಲ್ಲ. ಮಲೆನಾಡಿನ ಅಟ್ಟದಲ್ಲಿ ಇಷ್ಟು ಮಳೆಗಾಲ ಕಳೆದಿರುವುದರಿಂದ ಅಂಚಿನಲ್ಲಿ ಬಿಳಿಯ ಬೂಷ್ಟು ಇರಬಹುದು. ಅದನ್ನು ಒರೆಸಬೇಡಿ, ಬಿಸಿಲಿಗೂ ಇಡಬೇಡಿ. ಅಂಟುಗಟ್ಟಿದ ಟೇಪನ್ನು ಹದವಾದ ಶಾಖದಲ್ಲಿಟ್ಟು ಸರಿಪಡಿಸುವ ವಿಧಾನವೊಂದುಂಟು, ಆದರೆ ಅದು ಮುಖ್ಯವಾಗಿ 1970ರ ದಶಕ ಮತ್ತು ಆನಂತರದ ಕೆಲವು ಬಗೆಯ ಟೇಪುಗಳಿಗೆ. ಅಸಿಟೇಟ್ ಟೇಪನ್ನು ಹಾಗೆ ಕಾಯಿಸಿದರೆ ಹಾಳಾಗುತ್ತದೆ. ಸ್ಪೂಲ್ ಟೇಪಿನ ಅನುಭವವಿರುವ ಧ್ವನಿ ತಂತ್ರಜ್ಞರಿಗೆ ಕೊಡುವಾಗ, ಎರಡೂ ದಿಕ್ಕಿನಲ್ಲಿ ನಾಲ್ಕು ಪಟ್ಟಿಗಳಲ್ಲಿ ಮುದ್ರಿಸುವ ಮನೆಬಳಕೆಯ ಯಂತ್ರಗಳು ಆಗ ಬಳಕೆಯಲ್ಲಿದ್ದವೆಂದು ನೆನಪಿಸಿ. ಸರಿಯಾದ ಹೆಡ್ (ಟೇಪಿನಿಂದ ಧ್ವನಿಯನ್ನು ಓದುವ ಭಾಗ) ಇಲ್ಲದ ಯಂತ್ರದಲ್ಲಿ ನೇರ ಧ್ವನಿಯ ಅಡಿಯಲ್ಲಿ ಇನ್ನೊಂದು ಧ್ವನಿ ತಿರುಗುಮುರುಗಾಗಿ ಕೇಳಿಸುತ್ತದೆ, ಅದು ಟೇಪಿನ ದೋಷವಲ್ಲ.

ಮೂಲ ಪ್ರತಿಯನ್ನು 24 ಬಿಟ್‌ನ ವೇವ್ ಕಡತವಾಗಿ, ಯಾವ ಶಬ್ದವನ್ನೂ ಸೋಸದೆ ಮಾಡಿಸಿ. ಮಧ್ಯಮ ತರಂಗದ ಪ್ರಸಾರದಲ್ಲಿ ರಾತ್ರಿಯ ಏರಿಳಿತ, ಪಕ್ಕದ ನಿಲಯದ ಸಿಳ್ಳು ಇದ್ದೇ ಇರುತ್ತವೆ. ಗೊರಗೊರ ಎನ್ನುವ ವಿದ್ಯುತ್ ಗುಂಯ್‌ಗುಡುವಿಕೆ ಕೂಡ ಉಪಯುಕ್ತ: ಬ್ರಿಟನ್ನಿನ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ, ಮುದ್ರಣವಾದಾಗ ಸೇರಿಕೊಂಡ ಆ ಧ್ವನಿಯನ್ನು ಅಳೆದು ಟೇಪು ಸರಿಯಾದ ವೇಗದಲ್ಲಿ ಓಡುತ್ತಿದೆಯೇ ಎಂದು ಪರೀಕ್ಷಿಸಬಹುದು. ಕೇಳಲು ಬೇಕಿದ್ದರೆ ಸ್ವಚ್ಛಗೊಳಿಸಿದ ಇನ್ನೊಂದು ಪ್ರತಿ ಮಾಡಿಕೊಳ್ಳಿ.

ಕಾನೂನಿನ ಬಗ್ಗೆ: ನಿಲಯಕ್ಕೆ ಪರವಾನಗಿ ಇರಲಿಲ್ಲವೆಂದ ಮಾತ್ರಕ್ಕೆ ಅದರಲ್ಲಿ ನುಡಿಸಿದ ಹಾಡುಗಳು ಯಾರಿಗೂ ಸೇರದವುಗಳಾಗುವುದಿಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ, ಬ್ರಿಟನ್ನಿನಲ್ಲಿ 70 ವರ್ಷ; ಹಾಡು ಬರೆದವರ, ಸ್ವರ ಹಾಕಿದವರ ಹಕ್ಕು ಇನ್ನೂ ದೀರ್ಘ. ಮನೆಯಲ್ಲಿ ಕೇಳಲು, ಅಧ್ಯಯನ ಮಾಡಲು ಪ್ರತಿ ಇಟ್ಟುಕೊಳ್ಳುವುದು ಒಂದು. ಪೂರ್ತಿ ಟೇಪನ್ನು ಎಲ್ಲರಿಗೂ ಬಿಡುವುದು ಬೇರೆ. ಮಾತಿನ ಭಾಗಗಳನ್ನು ಹಂಚಿಕೊಂಡು, ಪೂರ್ಣ ಪ್ರತಿಯನ್ನು ಧ್ವನಿ ಸಂಗ್ರಹಾಲಯವೊಂದಕ್ಕೆ ಕೊಡುವುದು ಮೇಲೆಂಬುದು ನನ್ನ ಅಭಿಪ್ರಾಯ.

ಪ್ರತಿ ಮಾಡಿದ ಮೇಲೂ ಸ್ಪೂಲನ್ನಾಗಲಿ ಡಬ್ಬಿಯನ್ನಾಗಲಿ ಎಸೆಯಬೇಡಿ. ಚಿಕ್ಕಪ್ಪನವರು ಯಾವ ಊರಿನಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದರು, ಅವರ ಬಳಿ ಯಾವ ರೇಡಿಯೊ ಇತ್ತು, ಕೇಳುತ್ತಿದ್ದುದು ರಾತ್ರಿ ಪಾಳಿ ಮುಗಿಸಿ ಬಂದ ಮೇಲೋ ಬೆಳಗ್ಗೆಯೋ, ಇದನ್ನೆಲ್ಲ ಮನೆಯಲ್ಲಿ ನೆನಪಿರುವ ಹಿರಿಯರಿದ್ದರೆ ಈ ವಾರವೇ ಕೇಳಿ, ಒಂದು ಹಾಳೆಯಲ್ಲಿ ಬರೆದು ಅದೇ ಡಬ್ಬಿಯೊಳಗೆ ಇಡಿ.